ಮೊಮ್ಮಗನ ಉತ್ತರವೇ ಸರಿ

ಪ್ರಶ್ನೆ: ಏಳನೇ ತರಗತಿಯ ನನ್ನ ಮೊಮ್ಮಗ ಪರೀಕ್ಷೆಯಲ್ಲಿ ‘ಗುರುಗ್ರಹಕ್ಕೆ ಸ್ವಂತ ಶಾಖವಿದೆ’ ಎಂದು ಬರೆದ. ‘ಗ್ರಹಗಳಿಗೆ ಸ್ವಂತ ಬೆಳಕೂ ಇಲ್ಲ, ಶಾಖವೂ ಇಲ್ಲ’ ಎಂದು ಶಿಕ್ಷಕರು ಅಂಕ ಕಳೆದಿದ್ದಾರೆ. ನಿವೃತ್ತಿಯಾಗುವ ತನಕ ನಾನೂ ಹಾಗೇ ಪಾಠ ಮಾಡಿದವನು. ಯಾರು ಸರಿ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮೇಷ್ಟ್ರೇ, ಪುಸ್ತಕದ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಗುರು ಸ್ವಂತ ಬೆಳಕಿನ ನಕ್ಷತ್ರವಾಗಬೇಕಿದ್ದರೆ ಅದರ ದ್ರವ್ಯರಾಶಿ ಈಗಿನ ಸುಮಾರು 80 ಪಟ್ಟು ಇರಬೇಕಿತ್ತು. ನಮ್ಮ ಕಣ್ಣಿಗೆ ಕಾಣುವ ಗುರು, ಶುಕ್ರರ ಹೊಳಪೆಲ್ಲ ಸೂರ್ಯನದೇ. ಒಪ್ಪಿದೆ. ಆದರೆ ‘ಶಾಖವೂ ಇಲ್ಲ’ ಎಂಬ ಮಾತು ಮಾತ್ರ ಶುದ್ಧ ತಪ್ಪು.

ಸೂರ್ಯನಿಂದ ಹೀರಿದ್ದಕ್ಕಿಂತ ಹೆಚ್ಚು ಶಾಖವನ್ನು ಗುರು ಹೊರಗೆ ಬಿಡುತ್ತದೆ. 1960ರ ದಶಕದಲ್ಲೇ ಇದನ್ನು ಅಳೆದಿದ್ದರು. 1973ರಲ್ಲಿ ಪಯನಿಯರ್ 10 ಬಾಹ್ಯಾಕಾಶ ನೌಕೆ ಹತ್ತಿರ ಹಾದುಹೋದಾಗ ಖಚಿತವಾಯಿತು. ಹುಟ್ಟುವಾಗ ಒಡಲಲ್ಲಿ ಸೇರಿಕೊಂಡ ಬಿಸಿ 450 ಕೋಟಿ ವರ್ಷ ಕಳೆದರೂ ಇನ್ನೂ ಸೋರುತ್ತಿದೆ. ಸೂರ್ಯನಿಂದ ಅಷ್ಟು ದೂರದ ನೆಪ್ಚೂನ್ ಕೂಡ ಪಡೆದದ್ದರ ಎರಡೂವರೆ ಪಟ್ಟಿಗಿಂತ ಹೆಚ್ಚು ಹೊರಚೆಲ್ಲುತ್ತದೆ.

ಗುರುವಿನ ಉಪಗ್ರಹ ‘ಅಯೋ’ ಕಥೆ ಇನ್ನೂ ಸೊಗಸು. ಗುರುವಿನ ಸೆಳೆತ ಅದನ್ನು ಸುತ್ತಿನಲ್ಲೊಮ್ಮೆ ಹೆಚ್ಚು, ಒಮ್ಮೆ ಕಡಿಮೆ ಜಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬೆರಳಿಗೆ ಬಿಸಿ ಹತ್ತುವಂತೆ ಅಯೋದ ಒಡಲು ಕಾಯುತ್ತದೆ. ಅದು ಕರಗುವಷ್ಟು ಕಾದಿರಬೇಕು ಎಂದು ವಿಜ್ಞಾನಿ ಪೀಲ್ ಮತ್ತು ಸಂಗಡಿಗರು ಲೆಕ್ಕ ಹಾಕಿ 1979ರ ಮಾರ್ಚ್ ಆರಂಭದಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ವಾಯೇಜರ್ 1 ನೌಕೆ ಕಳಿಸಿದ ಚಿತ್ರದಲ್ಲಿ ಅಯೋದ ಅಂಚಿನಲ್ಲಿ ಛತ್ರಿಯಾಕಾರದ ಮಬ್ಬೊಂದನ್ನು ಆ ನೌಕೆಯ ತಂಡದ ಲಿಂಡಾ ಮೊರಾಬಿಟೊ ಗುರುತಿಸಿದರು. ಜ್ವಾಲಾಮುಖಿ! ಕಾಗದದ ಮೇಲಿನ ಲೆಕ್ಕ ಇಷ್ಟು ಬೇಗ ಕಣ್ಣೆದುರು ಉರಿದದ್ದು ವಿಜ್ಞಾನದಲ್ಲಿ ಅಪರೂಪ. ಇಲ್ಲಿ ಒಲೆ ಹಚ್ಚಿದ್ದು ಗ್ರಹವೇ ಅಲ್ಲವೇ?

ಬೆಳಕಿನ ಮಾತಿನಲ್ಲೂ ನಿಮ್ಮ ಪುಸ್ತಕ ಪೂರ್ತಿ ಪಾರಾಗುವುದಿಲ್ಲ. ಎಚ್‌ಆರ್ 8799 ಎಂಬ ನಕ್ಷತ್ರದ ಸುತ್ತಲಿನ ಗ್ರಹಗಳ ಚಿತ್ರ 2008ರಲ್ಲಿ ಸಿಕ್ಕಿತು. ಅವು ಕಂಡದ್ದು ಎರವಲು ಬೆಳಕಿನಿಂದಲ್ಲ, ಹುಟ್ಟಿನ ಬಿಸಿ ಇನ್ನೂ ಆರದೆ ಅವೇ ಸೂಸುತ್ತಿದ್ದ ಅವಕೆಂಪು ಕಿರಣದಿಂದ. ಕಣ್ಣಿಗೆ ಕಾಣದಿದ್ದರೇನು, ಅದೂ ಬೆಳಕೇ.

ಅಷ್ಟು ದೂರ ಏಕೆ ಹೋಗಬೇಕು? ನಮ್ಮ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕಿಳಿದಿತ್ತು. ತಳದಲ್ಲಿ ಬಂಡೆಯ ಬಿಸಿ 65 ಡಿಗ್ರಿಯ ಆಸುಪಾಸು. ಅಲ್ಲಿ ದುಡಿದ ಹಿರಿಯರೊಬ್ಬರು ಕಚೇರಿಗೆ ಬಂದಿದ್ದಾಗ ಅಂಗೈ ಚಾಚಿ ತೋರಿಸಿ ಹೇಳಿದರು: ‘ಗೋಡೆಗೆ ಕೈಯೂರಿ ನಿಲ್ಲೋ ಹಾಗಿರಲಿಲ್ಲ ಸಾರ್, ಬನಿಯನ್ ಹಿಂಡಿ ಹಿಂಡಿ ಹಾಕ್ಕೊಳ್ತಿದ್ವಿ.’ ಬಿಸಿಲು ಎಂದೂ ಮುಟ್ಟದ ಕತ್ತಲಲ್ಲಿ ಅವರನ್ನು ಬೇಯಿಸಿದ್ದು ಯಾವ ಸೂರ್ಯ? ಭೂಮಿಯ ಒಳಗಿನಿಂದ ಸುಮಾರು 47 ಲಕ್ಷ ಕೋಟಿ ವ್ಯಾಟ್ ಶಾಖ ಸದಾ ಹೊರಬರುತ್ತಿದೆ. ಅದರಲ್ಲಿ ಒಂದು ಪಾಲು ಹುಟ್ಟಿನದು, ಇನ್ನೊಂದು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಕ್ಷಯಿಸುವಾಗ ಹುಟ್ಟುವುದು. ಬಿಸಿಲಿನ ಮುಂದೆ ಇದು ಅಲ್ಪವೇ. ಆದರೂ ಐಸ್‌ಲೆಂಡಿನ ಹತ್ತರಲ್ಲಿ ಒಂಬತ್ತು ಮನೆ ಬೆಚ್ಚಗಿರುವುದು ಈ ಶಾಖದಿಂದ. ಪುತ್ತೂರು ಬಳಿಯ ಬೆಂದ್ರು ತೀರ್ಥದ ನೀರು ಬೆಚ್ಚಗಿರುವುದೂ ಭೂಮಿಯ ಒಡಲಿನಿಂದಲೇ. ಆ ಜಿಲ್ಲೆಯ ಮಕ್ಕಳೂ ‘ಗ್ರಹಗಳಿಗೆ ಸ್ವಂತ ಶಾಖವಿಲ್ಲ’ ಎಂದು ಬಾಯಿಪಾಠ ಮಾಡುತ್ತಿದ್ದರೆ ಹೊಟ್ಟೆ ಉರಿಯದೇ?

ನನ್ನ ಸಂಕಟ ಒಂದು ಅಂಕದ್ದಲ್ಲ. ಗೈಡಿನಲ್ಲಿದ್ದ ಸಾಲು ಉತ್ತರಪತ್ರಿಕೆಗೆ ಇಳಿದರೆ ಪೂರ್ಣಾಂಕ; ತಾನೇ ಓದಿ ತಿಳಿದು ಬರೆದರೆ ಕೆಂಪು ಗೆರೆ. ಎಷ್ಟೋ ಊರುಗಳಿಂದ ಇದೇ ದೂರು ಬರುತ್ತದೆ. ಹೀಗೆ ಒಮ್ಮೆ ಪೆಟ್ಟು ತಿಂದ ಹುಡುಗ ಮುಂದಿನ ಸಲ ಪತ್ರಿಕೆ ಓದುವುದನ್ನೇ ಬಿಡುತ್ತಾನೆ. ನಂತರ ‘ಮಕ್ಕಳಿಗೆ ಓದಿನ ರುಚಿಯೇ ಇಲ್ಲ’ ಎಂದು ಸಭೆಗಳಲ್ಲಿ ನಾವೇ ಭಾಷಣ ಮಾಡುತ್ತೇವೆ.

ನಿಮ್ಮ ಮೇಲೂ ಸಣ್ಣ ಆಕ್ಷೇಪವಿದೆ, ಮೇಷ್ಟ್ರೇ. ನನಗೆ ಪತ್ರ ಬರೆಯುವ ಮುನ್ನ ಮೊಮ್ಮಗನನ್ನು ಕರೆದು ‘ಇದನ್ನು ಎಲ್ಲಿ ಓದಿದೆ?’ ಎಂದು ಕೇಳಬಹುದಿತ್ತು. ಆದರೂ ಈ ವಯಸ್ಸಿನಲ್ಲಿ, ತಾವೇ ಕಲಿಸಿದ ಪಾಠವನ್ನು ಅನುಮಾನಿಸಿ ಪತ್ರ ಬರೆದಿರಲ್ಲ, ಅದಕ್ಕೆ ನಮಸ್ಕಾರ. ಈ ಸಂಚಿಕೆಯ ಎರಡು ಪ್ರತಿ ನಿಮ್ಮ ವಿಳಾಸಕ್ಕೆ ಹೊರಟಿವೆ. ಒಂದನ್ನು ಆ ಶಿಕ್ಷಕರಿಗೆ ಕೊಡಿ. ಅವರಿಗೆ ತಕರಾರಿದ್ದರೆ ಬರೆಯಲಿ, ಒಂದಕ್ಷರವೂ ಬಿಡದೆ ಅಚ್ಚು ಹಾಕುತ್ತೇನೆ.

– ಸಂಪಾದಕ