ಇಲ್ಲಿನ ಠಾಣೆಯೋ, ಹೊರದೇಶದ ಗುಪ್ತಚರರೋ?

ಮುಂದಿನ ತಿಂಗಳು ಕಾರವಾರದ ಹತ್ತಿರದ ಅರಗಾದ ನೌಕಾನೆಲೆಗೆ ಗುತ್ತಿಗೆ ಕೆಲಸಕ್ಕೆ ಬರುತ್ತಿದ್ದೇನೆ, ಫೋನಿನ ವಿಷಯದಲ್ಲಿ ಇಲ್ಲಿನ ಪೊಲೀಸರಿಗೆ ಹೆದರಬೇಕೋ ಹೊರದೇಶದ ಗುಪ್ತಚರರಿಗೋ ಎಂದು ಕೇಳಿದ್ದೀರಿ. ನಾನು ಕಾರವಾರದಲ್ಲಿ ಹನ್ನೊಂದು ವರ್ಷದಿಂದ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಬೇರೆ ಯಾರಾದರೂ ಕೇಳಿದ್ದರೆ ಠಾಣೆಯ ಯೋಚನೆ ಮಾಡಿದರೆ ಸಾಕು ಅನ್ನುತ್ತಿದ್ದೆ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಜನರ ಫೋನು, ಇಂಟರ್ನೆಟ್ ಮಾಹಿತಿಯನ್ನು ಎಷ್ಟು ಬಾಚಿಕೊಳ್ಳುತ್ತದೆ ಅನ್ನುವುದು 2013ರಲ್ಲಿ ಅಲ್ಲೇ ಗುತ್ತಿಗೆ ಕೆಲಸಕ್ಕಿದ್ದ ಸ್ನೋಡೆನ್ ಹೊರಗಿಟ್ಟ ದಾಖಲೆಗಳಿಂದ ಗೊತ್ತಾಯಿತು, ನಿಜ. ಆದರೆ ಇಲ್ಲಿನ ಬೈತಖೋಲ ಬಂದರಿನಲ್ಲಿ ಬಲೆ ಎಳೆಯುವವನ ಮೆಸೇಜು ಓದಿ ಅವರಿಗೆ ಆಗಬೇಕಾದ್ದೇನು? ಅವನ ಮನೆಯ ದಾರಿ ಗೊತ್ತಿರುವುದು ಠಾಣೆಯವರಿಗೆ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಡಿಸ್‌ಪ್ಲೇ ಒಡೆದ ಫೋನ್ ತಂದ. ರಾತ್ರಿ ಬೈಕ್ ತಡೆದ ಪೇದೆಯೊಬ್ಬರು ‘ಲಾಕ್ ತೆಗಿ’ ಅಂದರಂತೆ. ತೆಗೆದುಕೊಟ್ಟ. ವಾಟ್ಸಾಪ್ ಆಯಿತು, ಗ್ಯಾಲರಿ ಆಯಿತು. “ಹೆಂಡ್ತಿ ಮಗುಗೆ ಹಾಲು ಕೊಡೋ ಫೋಟೋನೂ ನೋಡಿದ್ರು ಅಣ್ಣಾ” ಅಂದ. ವಾಪಸ್ ಕೊಡುವಾಗ ಫೋನ್ ಕೈತಪ್ಪಿ ಬಿತ್ತಂತೆ. ನಾನು ಹೊಸ ಡಿಸ್‌ಪ್ಲೇ ಕೂರಿಸುವಷ್ಟು ಹೊತ್ತೂ ಅವನು ತಲೆ ಎತ್ತಲಿಲ್ಲ. ಕೇಸೂ ಇಲ್ಲ, ಕಾಗದವೂ ಇಲ್ಲ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲೇ ಹೇಳಿದ್ದಾರೆ. ಅರ್ಜಿ ಹಾಕಿದ್ದು ನಮ್ಮ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಫೋನ್ ಜಾಲಾಡಲು ವಾರಂಟ್ ಬೇಕು, ತುರ್ತಿದ್ದರೆ ಕಾರಣವನ್ನಾದರೂ ಬರೆದಿಡಬೇಕು ಎಂದು ನಮ್ಮ ಹೈಕೋರ್ಟ್ 2021ರಲ್ಲಿ ಹೇಳಿತು. ಹಾಗಾಗಿ ‘ಯಾವ ಕೇಸು ಸರ್, ಬರೆದು ಕೊಡ್ತೀರಾ?’ ಎಂದು ಮೆತ್ತಗೆ ಕೇಳಿ. ಜಗಳ ಬೇಡ. ಪ್ಯಾಟರ್ನ್ ಬಿಟ್ಟು ಆರಂಕಿಯ ಪಿನ್ ಹಾಕಿ. ವಾಟ್ಸಾಪ್ ಬ್ಯಾಕಪ್‌ನ ಎನ್‌ಕ್ರಿಪ್ಶನ್, ಅಂದರೆ ಬೇರೆಯವರು ಓದಲಾಗದಂತೆ ಹಾಕುವ ಬೀಗ, ಆನ್ ಇದೆಯೇ ಅಂತಲೂ ನೋಡಿಕೊಳ್ಳಿ.

ನಿಮ್ಮ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಗೇಟ್ ಪಾಸ್ ಕೈಗೆ ಬಂದ ದಿನದಿಂದ ಹೊರದೇಶದವರಿಗೂ ನೀವು ಬೇಕಾದವರು. 2025ರ ಫೆಬ್ರುವರಿಯಲ್ಲಿ ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎ ನಮ್ಮ ಜಿಲ್ಲೆಯ ಇಬ್ಬರನ್ನು ಬಂಧಿಸಿತು. ನೆಲೆಯ ಮಾಹಿತಿಯನ್ನು ಪಾಕಿಸ್ತಾನದ ಏಜೆಂಟರಿಗೆ ಕೊಟ್ಟರೆಂಬ ಆರೋಪ. ಇದಕ್ಕೆ ಫೋನ್ ಹ್ಯಾಕ್ ಮಾಡುವ ಅಗತ್ಯವೇ ಬೀಳುವುದಿಲ್ಲ. ಹೆಂಗಸಿನ ಹೆಸರಲ್ಲಿ ಒಂದು ಫ್ರೆಂಡ್ ರಿಕ್ವೆಸ್ಟ್, ವಾರಗಟ್ಟಲೆ ‘ಊಟ ಆಯ್ತಾ’, ಆಮೇಲೆ ಖಾತೆಗೆ ಒಂದಿಷ್ಟು ದುಡ್ಡು, ಆಮೇಲೆ ಇವತ್ತು ಯಾವ ಹಡಗು ಬಂತು ಅನ್ನುವ ಪ್ರಶ್ನೆ. ಪಿನ್ ಎಷ್ಟೇ ಗಟ್ಟಿಯಿದ್ದರೂ ಇದನ್ನು ತಡೆಯಲಾರದು, ಏಕೆಂದರೆ ಟೈಪ್ ಮಾಡುವವರು ನೀವೇ.

ಫೇಸ್‌ಬುಕ್ಕಿನಲ್ಲಿ ಎಲ್ಲಿ ಕೆಲಸ ಅಂತ ಹಾಕಬೇಡಿ, ನೆಲೆಯೊಳಗಿನ ಸೆಲ್ಫಿಯಂತೂ ಬೇಡವೇ ಬೇಡ. ಅಂಥ ಮೆಸೇಜು ಬಂದರೆ ಅಳಿಸದೆ ನೆಲೆಯ ಭದ್ರತಾ ಅಧಿಕಾರಿಗೆ ತೋರಿಸಿ. ಒಂದು ಸಲ ದುಡ್ಡು ಬಂದುಹೋಗಿದ್ದರೂ ನಾಚಿಕೆಪಟ್ಟು ಮುಚ್ಚಿಡಬೇಡಿ, ಅವತ್ತೇ ಹೋಗಿ ಹೇಳಿ.