ಆಧಾರ್ ಇಲ್ದಿದ್ರೆ ಸೂರೂ ಇಲ್ವಾ?

ಪ್ರಶ್ನೆ: ಮೇಡಂ, ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ರ ಒಬ್ರು ಅಜ್ಜ ಮಳೇಲೂ ಅಲ್ಲೇ ಮಲಗ್ತಾರೆ, ಒಂದು ಆಶ್ರಯ ಕೇಂದ್ರಕ್ಕೆ ಕರ್ಕೊಂಡು ಹೋದ್ರೆ ಆಧಾರ್ ತನ್ನಿ, ಕುಡಿಯೋದು ಬಿಟ್ಟು ಬನ್ನಿ ಅಂದ್ರು. ಹೀಗಾದ್ರೆ ಹೇಗೆ?

ಉತ್ತರ: ಈ ಷರತ್ತೇ ಉಲ್ಟಾ ಕಣ್ರೀ. ಮನೆ ಇಲ್ದೋರ ಹತ್ರ ವಿಳಾಸ ಕೇಳೋದು, ಆಷಾಢದ ಮಳೇಲಿ ನೆನೀತಾ ಕೂತೋರಿಗೆ ಮೊದ್ಲು ಕುಡಿತ ಬಿಡಿ ಅನ್ನೋದು ಯಾವ ಲೆಕ್ಕ? 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬರಿಸ್ ಅನ್ನೋ ಮನಶ್ಶಾಸ್ತ್ರಜ್ಞರು ಮೊದ್ಲು ಮನೆ ಕೀ ಕೊಟ್ಟು, ಡಾಕ್ಟ್ರು ಕೌನ್ಸೆಲಿಂಗ್ ಎಲ್ಲಾ ಆಮೇಲೆ ಅಂತ ಶುರು ಮಾಡಿದ್ರು, ಫಿನ್‌ಲ್ಯಾಂಡ್ 2008ರಿಂದ ಇದನ್ನೇ ದೇಶದ ಪಾಲಿಸಿ ಮಾಡ್ಕೊಂಡು ರಾತ್ರಿ ತಂಗೋ ಶೆಲ್ಟರ್‌ಗಳನ್ನೇ ಬಾಡಿಗೆ ಮನೆ ಮಾಡ್ತಾ ಬಂತು, ಅಲ್ಲಿ ಮನೆ ಇಲ್ದೋರ ಸಂಖ್ಯೆನೂ ಇಳೀತು. ನಮ್ಮಲ್ಲೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮಾನಸಿಕ ಕಾಯಿಲೆ ಇರೋರಿಗೆ ಆಸರೆ ಮನೆ ವ್ಯವಸ್ಥೆ ಮಾಡೋದು ಸರ್ಕಾರದ ಹೊಣೆ. (ಕಾಗದದಲ್ಲಿ ನಾವು ಯಾವತ್ತೂ ಮುಂದೇನೇ ಬಿಡಿ.)

ಸದ್ಯಕ್ಕೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಕೇಂದ್ರದೋರ ಹತ್ರ ಜಗಳ ಬೇಡ, ಯಾಕೆ ಸೇರಿಸ್ಕೊಳಲ್ಲ ಅಂತ ಬರೆದು ಕೊಡಿ ಅನ್ನಿ, ಅದನ್ನ ಹಿಡ್ಕೊಂಡು ಮಹಾನಗರ ಪಾಲಿಕೆಗೆ ಅರ್ಜಿ ಹಾಕಿ, ಆಗ್ಲಿಲ್ಲ ಅಂದ್ರೆ ಪುಕ್ಕಟೆ ಕಾನೂನು ನೆರವು ಕೊಡೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಅಂದಹಾಗೆ, ಅಜ್ಜಂಗೆ ಏನು ಬೇಕು ಅಂತ ಅವರನ್ನೇ ಕೇಳಿದ್ರಾ?