ಅಪ್ಪನಿಗೆ ನಿಕೊರಾಂಡಿಲ್ ಪ್ರಯೋಗ, ಒಪ್ಪಿಗೆ ಪತ್ರ ಮರಾಠಿಯಲ್ಲಿ: ಸಹಿ ಹಾಕಬಹುದೇ?

ಕನ್ನಡವಷ್ಟೇ ಓದಬಲ್ಲ ನಿಮ್ಮ ತಂದೆಗೆ, ಹೃದಯದ ಔಷಧವಾದ ನಿಕೊರಾಂಡಿಲ್‌ನ ಪ್ರಯೋಗಕ್ಕೆ ಸೇರಲು ಪುಣೆಯ ಆಸ್ಪತ್ರೆಯವರು ಮರಾಠಿ ಒಪ್ಪಿಗೆ ಪತ್ರ ಕೊಟ್ಟಿರುವುದಕ್ಕೆ ಕಾರಣ ಬಹುಶಃ ಇಷ್ಟೇ: ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯ ಮುಂದೆ ಮರಾಠಿ, ಹಿಂದಿ, ಇಂಗ್ಲಿಷ್ ಪ್ರತಿಗಳು ಮಾತ್ರ ಹೋಗಿರುತ್ತವೆ. ಸದ್ಯ ಸಹಿ ಬೇಡ.

ಮೊದಲು ಪ್ರಯೋಗದ ಸಂಯೋಜಕರಲ್ಲಿ ಕನ್ನಡ ಪ್ರತಿ ಕೇಳಿ. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕೆಂಬುದು ಔಷಧ ಪ್ರಯೋಗಗಳ ಕುರಿತ ಭಾರತದ 2019ರ ನಿಯಮ. ಅವರು ಮಾಡುವ ಉಪಕಾರವೇನಲ್ಲ. "ಮಗನೇ ಓದಿ ಹೇಳಲಿ ಬಿಡಿ" ಎಂದರೆ ಜಗ್ಗಬೇಡಿ. ಸಿಟಿಆರ್‌ಐ ಎಂಬ ಭಾರತದ ಔಷಧ ಪ್ರಯೋಗಗಳ ನೋಂದಣಿ ಜಾಲತಾಣದಲ್ಲಿ ಈ ಪ್ರಯೋಗಕ್ಕಿರುವ ಸಂಖ್ಯೆಯನ್ನೂ ಪಡೆದು ಅಲ್ಲಿ ಹುಡುಕಿ. ಯಾವ ಗುಂಪಿಗೆ ಯಾವ ಔಷಧ ಎಂಬುದು ಅಲ್ಲಿರುತ್ತದೆ.

ಔಷಧ ಹೊಸದಲ್ಲ. ಎದೆನೋವಿಗೆ ಕೊಡುವ ನೈಟ್ರೇಟ್ ಔಷಧಗಳಂತೆಯೂ, ಜೀವಕೋಶಗಳ ಪೊಟ್ಯಾಸಿಯಂ ಚಾನೆಲ್ ತೆರೆದೂ ರಕ್ತನಾಳ ಹಿಗ್ಗಿಸುತ್ತದೆ. ಬ್ರಿಟನ್ನಿನ 5126 ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು) ರೋಗಿಗಳ ಅಯೋನಾ ಅಧ್ಯಯನದಲ್ಲಿ (2002) ಮಾತ್ರೆಯಿಂದ ಲಾಭ ಕಂಡಿತು. ಆದರೆ ಹೃದಯಾಘಾತವಾದವರಿಗೆ ಆಂಜಿಯೋಪ್ಲಾಸ್ಟಿಯಂಥ (ಮುಚ್ಚಿದ ರಕ್ತನಾಳ ತೆರೆಯುವ) ಚಿಕಿತ್ಸೆಯ ಜೊತೆ ಇದನ್ನು ರಕ್ತನಾಳಕ್ಕೆ ಕೊಟ್ಟು ನೋಡಿದ ಜಪಾನಿನ ಜೆ-ವಿಂಡ್ ಅಧ್ಯಯನ (2007) ಹೃದಯದಲ್ಲಿ ಹಾನಿಯಾದ ಭಾಗ ಕುಗ್ಗಿದ್ದನ್ನು ಕಾಣಲಿಲ್ಲ. ಆದ್ದರಿಂದ "ಇದು ಒಳ್ಳೆಯ ಔಷಧ" ಎಂಬ ಮಾತಿಗಷ್ಟೇ ತಲೆಯಾಡಿಸಬೇಡಿ. ಮಾತ್ರೆಯೋ ಇಂಜೆಕ್ಷನ್ನೋ, ಇನ್ನೊಂದು ಗುಂಪಿಗೆ ಏನು ಕೊಡುತ್ತಾರೆ, ರಕ್ತದೊತ್ತಡ ಕುಸಿದರೆ ಏನು ಮಾಡುತ್ತಾರೆ ಎಂದು ಕೇಳಿ. ತಲೆನೋವು ಸಾಮಾನ್ಯ. ಸಿಲ್ಡೆನಾಫಿಲ್ (ವಯಾಗ್ರಾ) ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಂದೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಲೇಬೇಕು. ಎರಡೂ ಸೇರಿದರೆ ಅಪಾಯ. ನಮ್ಮ ಹಿರಿಯರು ಮುಚ್ಚಿಡುವುದು ಇದನ್ನೇ.

ಕನ್ನಡ ಪ್ರತಿಗೆ ನೈತಿಕ ಸಮಿತಿಯ ಅನುಮತಿ ಸಿಗಲು ಎಷ್ಟು ದಿನ ಹಿಡಿಯುತ್ತದೆಂಬುದು ಆಯಾ ಸಮಿತಿಗೆ ಬಿಟ್ಟದ್ದು. ತಂದೆಗೆ ವೈದ್ಯರು ಆಂಜಿಯೋಪ್ಲಾಸ್ಟಿ ಹೇಳಿದ್ದರೆ ಅದಕ್ಕಾಗಿ ಮುಂದೂಡಬೇಡಿ. ಪ್ರಯೋಗಕ್ಕೆ ಸೇರದಿದ್ದರೂ ಚಿಕಿತ್ಸೆ ಸಿಗಲೇಬೇಕು. ಸೇರಿದರೆ ಸಹಿಯಾದ ಪತ್ರದ ಒಂದು ಪ್ರತಿ ಕೈಗೆ ಬಂದ ಮೇಲೆಯೇ ಅಲ್ಲಿಂದ ಏಳಿ.